ಅರವತ್ತು ದಾಟಿದವರಿಗೆ ವೈಬ್ರೇಷನ್ ಮಷೀನ್: ಕೊಳ್ಳುವ ಮುಂಚೆ, ಹತ್ತುವ ಮುಂಚೆ, ಹತ್ತಿದ ಮೇಲೆ

ನಮ್ಮಪ್ಪನಿಗೆ ಎಪ್ಪತ್ತೊಂದು. ಎರಡು ವರ್ಷದ ಕೆಳಗೆ ಮಂಡಿ ನೋವು ಜಾಸ್ತಿಯಾಗಿ ಬೆಳಗಿನ ವಾಕಿಂಗ್ ನಿಂತುಹೋಯಿತು. ಆರೇ ತಿಂಗಳಲ್ಲಿ ಶುಗರ್ ಏರಿತು, ಹೊಟ್ಟೆ ಬಂತು, ತೊಡೆ ಸಣ್ಣಗಾಯಿತು. ಆ ಹೊತ್ತಿಗೆ ಸರಿಯಾಗಿ ಒಂದು ಮಾಲ್‌ನ ಮಳಿಗೆಯಲ್ಲಿ ವೈಬ್ರೇಷನ್ ಮಷೀನ್, ಅಂದರೆ ಹತ್ತಿ ನಿಂತವರನ್ನು ಅಲುಗಿಸುವ ಹಲಗೆ, ಕಣ್ಣಿಗೆ ಬಿತ್ತು. "ಸುಮ್ನೆ ಹತ್ತು ನಿಮಿಷ ನಿಂತ್ಕೊಳ್ಳಿ ಅಂಕಲ್, ಒಂದು ಗಂಟೆ ವಾಕಿಂಗ್‌ಗೆ ಸಮ" ಅಂದ ಮಾರುವ ಹುಡುಗ. ಕೊಂಡುಬಿಟ್ಟೆವು.

ಮೊದಲ ದಿನವೇ ಅಪ್ಪ ಮಂಡಿ ನೆಟ್ಟಗೆ ಮಾಡಿಕೊಂಡು, ಸ್ಪೀಡನ್ನು ಅರವತ್ತಕ್ಕೆ ಇಟ್ಟು, ಪೂರ್ತಿ ಹತ್ತು ನಿಮಿಷ ನಿಂತರು. ಇಳಿದಾಗ ತಲೆ ಸುತ್ತು. ರಾತ್ರಿವರೆಗೂ ಸೊಂಟ ನೋವು. ಮಷೀನ್ ಮಂಚದ ಕೆಳಗೆ ಹೋಯಿತು.

ಒಂದು ತಿಂಗಳು ಕಳೆದ ಮೇಲೆ ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕೇಳಿ, ನಾನೂ ಒಂದಷ್ಟು ಓದಿ, ಅದನ್ನು ಮತ್ತೆ ಹೊರಗೆ ಎಳೆದೆವು. ಈ ಸಲ ಬೇರೆ ರೀತಿ ಶುರು ಮಾಡಿದೆವು. ಆಗ ಕಲಿತದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮುಖ್ಯವಾದ ಮಾತು ಒಂದೇ. ಮಷೀನ್ ನಮ್ಮನ್ನು ಅಲುಗಾಡಿಸುವುದರಿಂದ ಕೊಬ್ಬು ಕರಗುವುದಿಲ್ಲ. ಆ ಅಲುಗಾಟಕ್ಕೆ ನಮ್ಮ ಸ್ನಾಯು ಎದುರು ಕೆಲಸ ಮಾಡಿದರೆ ಮಾತ್ರ ಏನಾದರೂ ಸಿಗುತ್ತದೆ. ಕೆಳಗೆ ಬರುವ ಹೆಜ್ಜೆಗಳೆಲ್ಲ ಸ್ನಾಯುವನ್ನು ಹಾಗೆ ಕೆಲಸಕ್ಕೆ ಹಚ್ಚುವುದು ಹೇಗೆ ಅನ್ನುವುದರ ಬಗ್ಗೆಯೇ.

ಮೈಯೊಳಗೆ ಏನಾಗುತ್ತದೆ

ವಯಸ್ಸಾದ ಹಾಗೆ ಮೆಟಬಾಲಿಸಂ ಇಳಿಯುತ್ತದೆ ಅನ್ನುತ್ತೇವೆ. ಎಷ್ಟು ಇಳಿಯುತ್ತದೆ? 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು 'ಸೈನ್ಸ್' ಪತ್ರಿಕೆಯಲ್ಲಿ 6,400ಕ್ಕೂ ಹೆಚ್ಚು ಜನರ ಲೆಕ್ಕ ಕೊಟ್ಟರು. ಮೈತೂಕ, ಸ್ನಾಯು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ, ಇಪ್ಪತ್ತರಿಂದ ಅರವತ್ತರವರೆಗೆ ದೇಹ ಸುಡುವ ಶಕ್ತಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅರವತ್ತರ ನಂತರ ವರ್ಷಕ್ಕೆ ಸುಮಾರು 0.7% ಇಳಿಯುತ್ತದೆ. ಅಂದರೆ ನಲವತ್ತಕ್ಕೇ ಹೊಟ್ಟೆ ಬಂದವರು ಮೆಟಬಾಲಿಸಂ ಮೇಲೆ ತಪ್ಪು ಹಾಕುವ ಹಾಗಿಲ್ಲ. ಅರವತ್ತೈದರವರು ಒಂದಿಷ್ಟು ಹಾಕಬಹುದು.

ಇದರ ಜೊತೆಗೆ ಸ್ನಾಯುವೂ ಕರಗುತ್ತದೆ. ಊಟ ಮಾಡಿದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಗಿರಾಕಿ ಸ್ನಾಯುವೇ. ಗಿರಾಕಿ ಕಡಿಮೆಯಾದರೆ ಸರಕು ರಕ್ತದಲ್ಲೇ ಉಳಿಯುತ್ತದೆ. ಸ್ನಾಯುವಿಗೆ ಇನ್ನೊಂದು ಒಳ್ಳೆಯ ಗುಣ ಇದೆ. ಅದು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಶುಗರ್ ಪೇಷಂಟ್‌ಗೂ ವ್ಯಾಯಾಮ ಹಿಡಿಸುವುದು ಇದೇ ಕಾರಣಕ್ಕೆ.

ಇನ್ನು ಮಷೀನ್ ವಿಷಯ. ಕಾಲ ಕೆಳಗಿನ ಹಲಗೆ ಸೆಕೆಂಡಿಗೆ ಹತ್ತು, ಇಪ್ಪತ್ತು, ಮೂವತ್ತು ಸಲ ಅಲುಗುತ್ತದೆ. ಪ್ರತಿ ಸಲವೂ ಮೀನಖಂಡ, ತೊಡೆಗಳ ಸ್ನಾಯು ಒಂದು ಕೂದಲೆಳೆಯಷ್ಟು ಉದ್ದವಾಗುತ್ತದೆ. ಸ್ನಾಯುವಿನೊಳಗಿನ ಪುಟ್ಟ ಸಂವೇದಕಗಳು ಅದನ್ನು ಗ್ರಹಿಸಿ ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ "ಬಿಗಿ ಮಾಡು" ಅನ್ನುವ ಆಜ್ಞೆ ವಾಪಸ್ ಬರುತ್ತದೆ. ಡಾಕ್ಟರು ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದಾಗ ಕಾಲು ಹಾರುತ್ತದಲ್ಲ, ಅದರ ಸಣ್ಣ ರೂಪ ಇದು. ವ್ಯತ್ಯಾಸ ಏನೆಂದರೆ ಇಲ್ಲಿ ಸೆಕೆಂಡಿಗೆ ಇಪ್ಪತ್ತು ಸಲ ತಟ್ಟಿದ ಹಾಗೆ. ನಾವು ಮನಸ್ಸು ಮಾಡದಿದ್ದರೂ ಸ್ನಾಯು ದುಡಿಯುತ್ತಿರುತ್ತದೆ.

ಹತ್ತು ನಿಮಿಷಕ್ಕೆ ಎಷ್ಟು ಕ್ಯಾಲೊರಿ? ಲೆಕ್ಕ ಹಾಕೋಣ

ಜರ್ಮನಿಯ ಯೋರ್ನ್ ರಿಟ್‌ವೇಗರ್ 2000ರ ಆಸುಪಾಸಿನಲ್ಲಿ ವೈಬ್ರೇಷನ್ ಹಲಗೆಯ ಮೇಲೆ ಬೈಠಕ್ (ಬಸ್ಕಿ) ಮಾಡುವವರು ಎಷ್ಟು ಆಮ್ಲಜನಕ ಬಳಸುತ್ತಾರೆ ಎಂದು ಅಳೆದರು. ಬರೀ ಬೈಠಕ್‌ಗಿಂತ ವೈಬ್ರೇಷನ್ ಸೇರಿದಾಗ ಪ್ರತಿ ಕೆಜಿ ಮೈತೂಕಕ್ಕೆ ನಿಮಿಷಕ್ಕೆ ಸುಮಾರು 4.5 ಮಿಲಿಲೀಟರ್ ಹೆಚ್ಚು ಬಳಕೆಯಾಯಿತು. 60 ಕೆಜಿ ತೂಗುವವರಿಗೆ ಇದು ನಿಮಿಷಕ್ಕೆ 270 ಮಿಲಿಲೀಟರ್. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕ್ಯಾಲೊರಿ. ಹತ್ತು ನಿಮಿಷಕ್ಕೆ 13-14 ಕ್ಯಾಲೊರಿ ಆಯಿತು.

ಒಂದು ಚಿಕ್ಕ ಚಮಚ ಸಕ್ಕರೆಯಲ್ಲಿ 20 ಕ್ಯಾಲೊರಿ ಇದೆ. ಅಂದರೆ ಮಷೀನ್ ಹೆಚ್ಚಿಗೆ ಸುಟ್ಟದ್ದು ಮುಕ್ಕಾಲು ಚಮಚ ಸಕ್ಕರೆಗೂ ಸಾಲದು! ಒಂದು ಗಂಟೆ ವಾಕಿಂಗ್‌ಗೆ ಸಮ ಅಂದ ಹುಡುಗನಿಗೆ ಈ ಲೆಕ್ಕ ಕೊಡಬೇಕಿತ್ತು. ಹಲಗೆಯ ಮೇಲೆ ಬೈಠಕ್ ಮಾಡುವ ಶ್ರಮ ಸಾಧಾರಣ ನಡಿಗೆಯ ಹತ್ತಿರ ಬರುತ್ತದೆ ಅನ್ನುವುದು ನಿಜ. ಆದರೆ ಅದು ಹತ್ತು ನಿಮಿಷದ ಬೈಠಕ್‌ಗೆ ಹತ್ತು ನಿಮಿಷದ ನಡಿಗೆ ಅನ್ನುವ ಲೆಕ್ಕ. ಸುಮ್ನೆ ನಿಂತರೆ ಅದೂ ಇಲ್ಲ.

ಹಾಗಾದರೆ ಯಾಕೆ ಬೇಕು ಇದು? ಸ್ನಾಯುವಿಗಾಗಿ, ಊಟದ ನಂತರದ ಸಕ್ಕರೆಗಾಗಿ, ಬೀಳದೆ ನಿಲ್ಲುವ ಸಮತೋಲನಕ್ಕಾಗಿ. ತೂಕ ಇಳಿಸಲು ಎಂದು ಕೊಳ್ಳುವುದಾದರೆ ಬೇಡ, ದುಡ್ಡು ಉಳಿಸಿ.

ಸಂಶೋಧನೆ ಎಲ್ಲಿವರೆಗೆ ಜೊತೆ ಕೊಡುತ್ತದೆ

ಮೈ ಅಲುಗಿಸಿ ಆರೋಗ್ಯ ಕೊಡುವ ಆಸೆ ಹಳೆಯದು. 19ನೇ ಶತಮಾನದಲ್ಲೇ ಸ್ವೀಡನ್ನಿನ ವೈದ್ಯ ಗುಸ್ತಾವ್ ಝಾಂಡರ್ ಯಂತ್ರಗಳಿಂದ ವ್ಯಾಯಾಮ ಮಾಡಿಸುತ್ತಿದ್ದ. ಅವುಗಳಲ್ಲಿ ನಡುಗಿಸುವ ಯಂತ್ರಗಳೂ ಇದ್ದವು. ಹಿರಿಯರ ಮೇಲಿನ ಗಟ್ಟಿ ಪ್ರಯೋಗಗಳು ಬಂದದ್ದು ಈಚೆಗೆ.

2004ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಸಬೀನ್ ವರ್ಷ್ಯೂರನ್ ತಂಡ 58ರಿಂದ 74 ವಯಸ್ಸಿನ, ಮುಟ್ಟು ನಿಂತ ಹೆಂಗಸರಿಗೆ ಆರು ತಿಂಗಳು 35-40 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 35-40 ಸಲ ಅಲುಗುವ ಹಲಗೆಯ ಮೇಲೆ, ಅಭ್ಯಾಸ ಮಾಡಿಸಿತು. ತೊಡೆಯ ಬಲ ಸುಮಾರು 15% ಏರಿತು. ಸೊಂಟದ ಕೀಲಿನ ಮೂಳೆ ಸಾಂದ್ರತೆ ಒಂದು ಶೇಕಡಕ್ಕೆ ಸ್ವಲ್ಪ ಕಡಿಮೆ ಏರಿತು. ಗಮನಿಸಿ, ಅವರು ಹಲಗೆಯ ಮೇಲೆ ಸುಮ್ಮನೆ ನಿಂತಿರಲಿಲ್ಲ. ಬೈಠಕ್, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವ ಲಂಜ್ ಎಲ್ಲ ಮಾಡಿದ್ದರು. ಇದಕ್ಕೆ ವಿರುದ್ಧವಾದ ಕಥೆ ಬಾಸ್ಟನ್‌ನದು. ಅಲ್ಲಿ ಪ್ರಯೋಗಕ್ಕೆ ಸೇರಿದ 174 ಹಿರಿಯರಲ್ಲಿ, ಸರಾಸರಿ ವಯಸ್ಸು 82, ಸುಮಾರು ಅರ್ಧ ಜನ ಎರಡು ವರ್ಷ ದಿನಾ ಹತ್ತು ನಿಮಿಷ ತೀರಾ ಮೆಲುವಾಗಿ ಅಲುಗುವ ಹಲಗೆಯ ಮೇಲೆ ನಿಂತರು, ಉಳಿದವರು ಹೋಲಿಕೆಗೆಂದು ಇಟ್ಟ ನಕಲಿ ಹಲಗೆಯ ಮೇಲೆ. 2015ರಲ್ಲಿ ಫಲಿತಾಂಶ ಬಂತು. ಮೂಳೆಗೆ ಏನೂ ಲಾಭವಾಗಿರಲಿಲ್ಲ. ಎರಡು ಪ್ರಯೋಗಗಳಲ್ಲಿ ಅಲುಗಾಟದ ಜೋರೂ ಬೇರೆ, ನಿಂತ ರೀತಿಯೂ ಬೇರೆ ಅನ್ನುವುದು ನಿಜ. ಆದರೂ ನನಗೆ ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ವಿಷಯ ಅರ್ಥವಾದದ್ದು.

ಶುಗರ್ ವಿಷಯದಲ್ಲಿ 2007ರ ಜರ್ಮನ್ ಪ್ರಯೋಗವೊಂದಿದೆ. ಟೈಪ್ 2 ಡಯಾಬಿಟಿಸ್ ಇರುವ 40 ಜನ, ಹನ್ನೆರಡು ವಾರ, ವಾರಕ್ಕೆ ಮೂರು ದಿನ. ಖಾಲಿಹೊಟ್ಟೆಯ ಶುಗರ್ ಬದಲಾಗಲಿಲ್ಲ. ಆದರೆ ಗ್ಲೂಕೋಸ್ ಕುಡಿಸಿ ನೋಡಿದಾಗ ವೈಬ್ರೇಷನ್ ಗುಂಪಿನಲ್ಲೂ, ತೂಕ ಎತ್ತುವ ಗುಂಪಿನಲ್ಲೂ ಏರಿಕೆ ಮೊದಲಿಗಿಂತ ಕಡಿಮೆ ಇತ್ತು. ಹಾಗಾಗಿ ನಿಮ್ಮ ಮನೆಯಲ್ಲೂ ಬದಲಾವಣೆ ಕಂಡರೆ ಊಟದ ನಂತರದ ನಂಬರ್‌ನಲ್ಲಿ ಕಾಣಬಹುದು, ಬೆಳಗಿನ ನಂಬರ್‌ನಲ್ಲಿ ಅಲ್ಲ.

ಜಾಹೀರಾತಿನಲ್ಲಿ ಇಲಿಗಳ ಸುದ್ದಿ ಜಾಸ್ತಿ. ಅಮೆರಿಕದ ಕ್ಲಿಂಟನ್ ರೂಬಿನ್ ತಂಡ 2007ರಲ್ಲಿ ಹಲಗೆ ಹತ್ತಿಸಿದ ಇಲಿಗಳಲ್ಲಿ ಕೊಬ್ಬು ಹತ್ತಿಸದವಕ್ಕಿಂತ ಸುಮಾರು 27% ಕಡಿಮೆ ಇದ್ದದ್ದನ್ನು ತೋರಿಸಿತು. 2017ರಲ್ಲಿ ಇನ್ನೊಂದು ತಂಡ ಬೊಜ್ಜಿನ ಇಲಿಗಳಲ್ಲಿ ಟ್ರೆಡ್‌ಮಿಲ್‌ನಂಥದೇ ಪರಿಣಾಮ ಕಂಡಿತು. ಒಳ್ಳೆಯ ವಿಜ್ಞಾನವೇ. ಆದರೆ ಅಪ್ಪ ಇಲಿ ಅಲ್ಲ. ಬೆಲ್ಜಿಯಂನಲ್ಲಿ ಯುವತಿಯರಿಗೆ 24 ವಾರ ಇದೇ ಅಭ್ಯಾಸ ಮಾಡಿಸಿದಾಗ ಕೊಬ್ಬು ಇಳಿಯಲಿಲ್ಲ, ಬಲ ಏರಿತು.

ಹೆಜ್ಜೆ 1: ಯಾರು ಹತ್ತಬಾರದು

ಇದನ್ನು ದಾಟಿ ಮುಂದಕ್ಕೆ ಹೋಗಬೇಡಿ. ಟ್ರ್ಯಾಕ್ಟರ್, ಜೆಸಿಬಿ, ಬಸ್ ಓಡಿಸುವವರಿಗೆ ಸೊಂಟ ನೋವು ಬರುವುದಕ್ಕೆ ವೈಬ್ರೇಷನ್ ಕೂಡ ಒಂದು ಕಾರಣ ಎಂದು ವೈದ್ಯರು ಹೇಳುತ್ತಾರೆ. ಅದೇ ವೈಬ್ರೇಷನ್ ಅಳತೆ ಮೀರದೆ, ಕಾಲಿನಿಂದ ಬಂದರೆ ವ್ಯಾಯಾಮ. ಈ ಗೆರೆ ತೆಳು.

ಇವರು ಡಾಕ್ಟರ ಒಪ್ಪಿಗೆ ಇಲ್ಲದೆ ಹತ್ತಲೇಬಾರದು:

- ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪೇಸ್‌ಮೇಕರ್ ಇರುವವರು, ಈಚೆಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರು
- ಮಂಡಿ, ಸೊಂಟದ ಕೀಲು ಬದಲಿಸಿಕೊಂಡವರು, ಈಚೆಗೆ ಮೂಳೆ ಮುರಿದವರು, ಬೆನ್ನುಮೂಳೆ ಕುಸಿದವರು, ಡಿಸ್ಕ್ ಜಾರಿ ನೋವಿರುವವರು
- ಕಿಡ್ನಿ ಅಥವಾ ಪಿತ್ತಕೋಶದಲ್ಲಿ ಕಲ್ಲಿರುವವರು
- ರೆಟಿನಾ ತೊಂದರೆ ಇರುವವರು, ಕಣ್ಣಿನ ಪೊರೆ ಆಪರೇಷನ್ ಆದವರು
- ಮೂರ್ಛೆ ರೋಗ, ಪದೇ ಪದೇ ತಲೆಸುತ್ತು, ಹರ್ನಿಯಾ, ಕ್ಯಾನ್ಸರ್ ಚಿಕಿತ್ಸೆ, ಕಾಲಲ್ಲಿ ವಾಸಿಯಾಗದ ಗಾಯ ಇರುವವರು

ಕಣ್ಣಿನದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ನಮ್ಮ ಕಡೆ ಎಪ್ಪತ್ತು ದಾಟಿದವರಲ್ಲಿ ಪೊರೆ ತೆಗೆಸಿಕೊಂಡು ಲೆನ್ಸ್ ಹಾಕಿಸಿಕೊಂಡವರು ಬೇಕಾದಷ್ಟು ಜನ. ವೈಬ್ರೇಷನ್ ಮಷೀನ್ ಬಳಸಿದ ನಂತರ ಆ ಲೆನ್ಸ್ ಜಾರಿದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಕಣ್ಣಿನ ಡಾಕ್ಟರನ್ನು ಒಂದು ಮಾತು ಕೇಳಿ. ಅಪ್ಪನಿಗೂ ಒಂದು ಕಣ್ಣಿನ ಆಪರೇಷನ್ ಆಗಿತ್ತು. ಅವರ ಡಾಕ್ಟರು ಪರೀಕ್ಷೆ ಮಾಡಿ, "ತಲೆ ಅಲುಗದ ಹಾಗೆ ಮಾಡೋದಾದ್ರೆ ಮಾಡಿ" ಅಂದರು. ಆ ಷರತ್ತು ಮುಂದೆ ತುಂಬ ಉಪಯೋಗಕ್ಕೆ ಬಂತು.

ಹೆಜ್ಜೆ 2: ಮಷೀನ್ ಯಾವ ಜಾತಿಯದು, ಎಷ್ಟು ಜೋರಿನದು

ಎರಡು ಜಾತಿ ಇವೆ. ಒಂದು, ತಕ್ಕಡಿಯ ಹಾಗೆ ಎಡ ಮೇಲೆದ್ದಾಗ ಬಲ ಕೆಳಗಿಳಿಯುವುದು. ಇನ್ನೊಂದು, ಇಡೀ ಹಲಗೆ ಒಟ್ಟಿಗೆ ಮೇಲೆ ಕೆಳಗೆ ಹೋಗುವುದು. ತಕ್ಕಡಿ ಜಾತಿಯಲ್ಲಿ ನಡೆಯುವಾಗಿನ ಹಾಗೆ ಸೊಂಟ ಆಕಡೆ ಈಕಡೆ ವಾಲಿ ಅಲುಗಾಟವನ್ನು ನುಂಗಿಕೊಳ್ಳುತ್ತದೆ. ತಲೆಗೆ ಹೋಗುವುದು ಕಡಿಮೆ. ಹಿರಿಯರಿಗೆ ನನ್ನ ಆಯ್ಕೆ ಇದೇ. ಇದರಲ್ಲಿ ಇನ್ನೂ ಒಂದು ಅನುಕೂಲ. ಪಾದ ನಡುವಿಗೆ ಹತ್ತಿರ ಇಟ್ಟರೆ ಅಲುಗಾಟ ಚಿಕ್ಕದು, ದೂರ ಇಟ್ಟರೆ ದೊಡ್ಡದು. ಬಟನ್ ಮುಟ್ಟದೆಯೇ ಹೆಚ್ಚು ಕಡಿಮೆ ಮಾಡಬಹುದು.

ಜೋರು ಎಷ್ಟು ಅನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ. ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ, ಅದು ಹರ್ಟ್ಸ್. ಮಧ್ಯದಿಂದ ಎಷ್ಟು ಮಿಲಿಮೀಟರ್ ಮೇಲೆ ಹೋಗುತ್ತದೆ, ಅದು ಅಲುಗಾಟದ ಅಳತೆ. ಅಳತೆ ಎರಡು ಪಟ್ಟಾದರೆ ಮೈಗೆ ಬೀಳುವ ಹೊಡೆತವೂ ಎರಡು ಪಟ್ಟು. ಹರ್ಟ್ಸ್ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. 2 ಮಿಲಿಮೀಟರ್‌ನಲ್ಲಿ 12 ಹರ್ಟ್ಸ್ ಇದ್ದರೆ ಹೊಡೆತ ಭೂಮಿಯ ಸೆಳೆತದ ಸುಮಾರು 1.2 ಪಟ್ಟು. ಅದೇ 2 ಮಿಲಿಮೀಟರ್‌ನಲ್ಲಿ 30 ಹರ್ಟ್ಸ್ ಅಂದರೆ 7 ಪಟ್ಟು! ಸ್ಪೀಡ್ ಬಟನ್ ಒತ್ತುವಾಗ ಈ ಲೆಕ್ಕ ನೆನಪಿರಲಿ.

ತೊಂದರೆ ಏನೆಂದರೆ ಮನೆಗೆ ಮಾರುವ ಮಷೀನ್‌ಗಳಲ್ಲಿ ಹರ್ಟ್ಸ್ ಬರೆದೇ ಇರುವುದಿಲ್ಲ. 1ರಿಂದ 99 ಅಂತ ಇರುತ್ತದೆ. ಅರವತ್ತು ಅಂದರೆ ಅರವತ್ತು ಏನು? ಅದಕ್ಕೆ ಒಂದು ಉಪಾಯ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದೆ. ಅದರಲ್ಲಿ ಅಲುಗಾಟದ ಹರ್ಟ್ಸ್ ತೋರಿಸುವ ಭಾಗ ಉಂಟು. ಹಳೆಯ ಫೋನ್ ಒಂದನ್ನು ಪಾದ ಇಡುವ ಜಾಗದ ಪಕ್ಕದಲ್ಲಿ ಎರಡೂ ಕಡೆ ಅಂಟುವ ಟೇಪ್‌ನಿಂದ ಗಟ್ಟಿಯಾಗಿ ಅಂಟಿಸಿ. ಆರೋಗ್ಯವಾಗಿರುವ ಯಾರಾದರೂ ಹಲಗೆಯ ಮೇಲೆ ನಿಂತು, ಸ್ಪೀಡ್ 5, 10, 15, 20 ಹೀಗೆ ಇಟ್ಟು, ಪ್ರತಿಯೊಂದಕ್ಕೂ ಎಷ್ಟು ಹರ್ಟ್ಸ್ ಅಂತ ಬರೆದಿಟ್ಟುಕೊಳ್ಳಿ. ಕಾಗದವನ್ನು ಮಷೀನ್‌ಗೇ ಅಂಟಿಸಿಬಿಡಿ. ಹೊಸ ಫೋನ್ ಮಾತ್ರ ಇಡಬೇಡಿ. ಜೋರು ವೈಬ್ರೇಷನ್‌ಗೆ ಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಬೈಕಿಗೆ ಫೋನ್ ಸಿಕ್ಕಿಸುವವರಿಗೆ ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಕೊಳ್ಳುವುದಾದರೆ ಕೈಹಿಡಿ ಇರುವುದನ್ನೇ ಕೊಳ್ಳಿ. ತಕ್ಷಣ ನಿಲ್ಲಿಸುವ ಬಟನ್ ಕೈಗೆ ಎಟುಕುವಂತಿರಬೇಕು. ಹೊಟ್ಟೆಗೆ ಕಟ್ಟುವ ಬೆಲ್ಟ್, ಬಣ್ಣದ ಲೈಟು, ಬ್ಲೂಟೂತ್ ಹಾಡು, ಇವಕ್ಕೆಲ್ಲ ದುಡ್ಡು ಕೊಡಬೇಡಿ. ನಿಮ್ಮೂರಿನ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಇಂಥ ಹಲಗೆ ಇದ್ದರೆ ಮೊದಲು ಅಲ್ಲಿ ನಾಲ್ಕು ದಿನ ಹತ್ತಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಹೆಜ್ಜೆ 3: ಜಾಗ

ಕೈಹಿಡಿ ಇಲ್ಲದ ಮಷೀನ್ ಈಗಾಗಲೇ ಮನೆಯಲ್ಲಿದ್ದರೆ, ಕಿಟಕಿಯ ಗ್ರಿಲ್ ಮುಂದೆ ಇಡಿ. ಗ್ರಿಲ್ ಹಿಡಿದುಕೊಳ್ಳಬಹುದು. ಹಿಂದೆ ಜಾರದ, ಗಟ್ಟಿ ಕುರ್ಚಿ ಇರಲಿ. ಚಕ್ರದ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ ಬೇಡ. ಟೈಲ್ಸ್ ಮೇಲೆ ಮಷೀನ್ ತೆವಳುತ್ತದೆ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮ್ಯಾಟ್ ಇಲ್ಲದೆ ಹಾಕಿದ ಮೊದಲ ದಿನ ನಮ್ಮ ಕೆಳಗಿನ ಮನೆಯವರು "ಏನ್ರೀ, ಬೋರ್‌ವೆಲ್ ಕೊರೆಸ್ತಿದೀರಾ?" ಅಂತ ಮೇಲೆ ಬಂದಿದ್ದರು.

ಬರಿಗಾಲು ಅಥವಾ ತೆಳು ಸಾಕ್ಸ್ ಸಾಕು. ಮೆತ್ತನೆಯ ದಪ್ಪ ಅಟ್ಟೆಯ ಶೂ ಹಾಕಿದರೆ ಅದೇ ಅಲುಗಾಟವನ್ನು ನುಂಗಿಬಿಡುತ್ತದೆ. ಆದರೆ ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಬರಿಗಾಲಲ್ಲಿ ಹತ್ತಬಾರದು. ತೆಳು ಅಟ್ಟೆಯ ಶೂ ಹಾಕಿಕೊಂಡು ಮಾಡಿ, ಇಳಿದ ಮೇಲೆ ಪಾದದಡಿ ನೋಡಿಕೊಳ್ಳಿ.

ಹೆಜ್ಜೆ 4: ಶುರು ಮಾಡುವ ಮುಂಚೆ ಅಳೆಯಿರಿ

ಒಂದು ನೋಟ್‌ಬುಕ್, ದರ್ಜಿಯ ಟೇಪ್, ಗೋಡೆ ಗಡಿಯಾರ ಸಾಕು.

ಕೈಯನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಬೇಕು? 2019ರ ಏಷ್ಯಾದ ತಜ್ಞರ ಮಾನದಂಡದ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಂದಿದೆ ಎಂದರ್ಥ. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಅನುಮಾನ. ಹೊಟ್ಟೆಯ ಸುತ್ತಳತೆಯನ್ನೂ ಬರೆಯಿರಿ. ಶುಗರ್ ಇದ್ದರೆ ಒಂದು ವಾರ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆಯಿರಿ. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುತ್ತದೆ, ಹಾಗಾಗಿ ಈಗೊಮ್ಮೆ, ಹನ್ನೆರಡು ವಾರವಾದ ಮೇಲೊಮ್ಮೆ ಸಾಕು.

ತೂಕ ಬರೆದರೂ ಸರಿ, ಬಿಟ್ಟರೂ ಸರಿ. ಸ್ನಾಯು ಬಂದು ಕೊಬ್ಬು ಹೋದರೆ ತೂಕದ ಮುಳ್ಳು ಅಲ್ಲೇ ನಿಂತಿರುತ್ತದೆ.

ಹೆಜ್ಜೆ 5: ನಿಲ್ಲುವ ಭಂಗಿ

ಎಲ್ಲಕ್ಕಿಂತ ಮುಖ್ಯ ಇದು. ಅಪ್ಪ ಮೊದಲ ದಿನ ತಪ್ಪಿದ್ದೂ ಇಲ್ಲೇ.

ಮಂಡಿ ನೆಟ್ಟಗಿದ್ದರೆ ಕಾಲು ಒಂದು ಕಂಬದ ಹಾಗೆ. ಹಲಗೆಯ ಹೊಡೆತವನ್ನು ನೇರವಾಗಿ ಸೊಂಟಕ್ಕೆ, ಬೆನ್ನಿಗೆ, ತಲೆಗೆ ಕಳಿಸುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿದರೆ ತೊಡೆ, ಮೀನಖಂಡ ಸ್ಪ್ರಿಂಗಿನ ಹಾಗೆ ಕೆಲಸ ಮಾಡಿ ಹೊಡೆತವನ್ನು ತಾವೇ ತಿನ್ನುತ್ತವೆ. ಹಳ್ಳಿ ರಸ್ತೆಯಲ್ಲಿ ಬಸ್ಸಿನಲ್ಲಿ ನಿಂತು ಹೋಗುವಾಗ ಮಂಡಿ ತಾನಾಗೇ ಸಡಿಲಾಗುತ್ತದೆ, ಅಲ್ವಾ? ಅದೇ ಭಂಗಿ.

ಪಾದ ಒಂದು ಗೇಣು ಅಂತರದಲ್ಲಿರಲಿ. ಮಂಡಿ ಸುಮಾರು 20-30 ಡಿಗ್ರಿ ಬಗ್ಗಿರಲಿ. ನಿಂತಲ್ಲಿಂದ ಬಗ್ಗಿ ನೋಡಿದರೆ ಮಂಡಿ ಹೆಬ್ಬೆರಳನ್ನು ದಾಟಿರಬಾರದು. ಭಾರ ಪಾದದ ಮುಂಭಾಗದ ಮೇಲೆ ಸ್ವಲ್ಪ ಜಾಸ್ತಿ, ಹಿಮ್ಮಡಿ ಹಗುರ. ಬೆನ್ನು ನೇರ, ಹೊಟ್ಟೆ ಸ್ವಲ್ಪ ಬಿಗಿ. ಕೈಹಿಡಿಯನ್ನು ಮುಟ್ಟಿದ ಹಾಗೆ ಹಿಡಿಯಿರಿ, ನೇತಾಡಬೇಡಿ. ಹಲ್ಲು ಕಚ್ಚಬೇಡಿ, ಉಸಿರು ಹಿಡಿಯಬೇಡಿ.

ಸರಿಯಾಗಿ ನಿಂತಿದ್ದೀರಾ ಎಂದು ತಿಳಿಯಲು ಸುಲಭದ ಪರೀಕ್ಷೆ: "ಆ..." ಎಂದು ಉದ್ದಕ್ಕೆ ಎಳೆಯಿರಿ. ದನಿ ಬಿಟ್ಟುಬಿಟ್ಟು ನಡುಗಿದರೆ, ಎದುರಿನ ಕ್ಯಾಲೆಂಡರ್‌ನ ಅಂಕಿ ಮಸುಕಾದರೆ, ಅಲುಗಾಟ ತಲೆ ಮುಟ್ಟಿದೆ. ಮಂಡಿ ಇನ್ನಷ್ಟು ಬಗ್ಗಿಸಿ, ಪಾದ ಹತ್ತಿರ ತನ್ನಿ, ಇಲ್ಲ ಸ್ಪೀಡ್ ಇಳಿಸಿ. ಆದರೂ ನಿಲ್ಲದಿದ್ದರೆ ಇಳಿದುಬಿಡಿ. ಹಣೆಯ ಮೇಲೆ ಮನೆಯವರು ಬೆರಳಿಟ್ಟು ನೋಡಿದರೂ ಗೊತ್ತಾಗುತ್ತದೆ. ನಾವು ಹಾಗೇ ಮಾಡಿದ್ದು. "ನಂಗೇನು ಜ್ವರ ಇದೆಯೇನೋ, ಹಣೆ ಮುಟ್ತೀಯ" ಅಂತ ಅಪ್ಪ ಗೊಣಗುತ್ತಿದ್ದರು.

ನಿಲ್ಲಲಾಗದವರು ಕುರ್ಚಿಯಲ್ಲಿ ಕೂತು ಪಾದ ಮಾತ್ರ ಹಲಗೆಯ ಮೇಲೆ ಇಡಬಹುದು. ಲಾಭ ಕಡಿಮೆ, ಆದರೆ ಮೀನಖಂಡಕ್ಕೆ ಕೆಲಸ ಸಿಗುತ್ತದೆ. ಹಲಗೆಯ ಮೇಲೆಯೇ ಕೂರಬೇಡಿ. ಆಗ ಹೊಡೆತ ನೇರ ಬೆನ್ನುಮೂಳೆಗೆ.

ಹೆಜ್ಜೆ 6: ಹನ್ನೆರಡು ವಾರ

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಹತ್ತುವ ಮುಂಚೆ ಐದು ನಿಮಿಷ ಮನೆಯೊಳಗೇ ಓಡಾಡಿ, ಕಣಕಾಲು ತಿರುಗಿಸಿ.

*ಮೊದಲ ಎರಡು ವಾರ.* ತಕ್ಕಡಿ ಜಾತಿಯಾದರೆ 12 ಹರ್ಟ್ಸ್, ಪಾದ ನಡುವಿಗೆ ಹತ್ತಿರ. ತೀರಾ ಕಡಿಮೆ ಸ್ಪೀಡ್ ಸುರಕ್ಷಿತ ಅಂದುಕೊಳ್ಳಬೇಡಿ. 4ರಿಂದ 8 ಹರ್ಟ್ಸ್‌ನಲ್ಲಿ ಮುಂಡ, ಬೆನ್ನುಮೂಳೆ ಉಯ್ಯಾಲೆಯ ಹಾಗೆ ಆ ಲಯವನ್ನು ಹಿಡಿದು ಇನ್ನೂ ಜಾಸ್ತಿ ಅಲುಗುತ್ತವೆ. ಒಟ್ಟಿಗೆ ಮೇಲೆ ಕೆಳಗೆ ಹೋಗುವ ಜಾತಿಯಾದರೆ 25-30 ಹರ್ಟ್ಸ್, ಅಲುಗಾಟದ ಅಳತೆ ಇರುವುದರಲ್ಲೇ ಚಿಕ್ಕದು. 30 ಸೆಕೆಂಡ್ ನಿಲ್ಲಿ, ಒಂದು ನಿಮಿಷ ನಿಲ್ಲಿಸಿ ಸುಧಾರಿಸಿಕೊಳ್ಳಿ. ಹೀಗೆ ಐದು ಸಲ. ಅಷ್ಟೇ. "ಇಷ್ಟೇನಾ?" ಅನ್ನಿಸಬೇಕು.

*ಮೂರು, ನಾಲ್ಕನೇ ವಾರ.* 45 ಸೆಕೆಂಡ್, ಆರು ಸಲ.

*ಐದರಿಂದ ಎಂಟನೇ ವಾರ.* ಈಗ ಹಲಗೆಯ ಮೇಲೆ ಕೆಲಸ ಶುರು. 60 ಸೆಕೆಂಡ್, ಆರರಿಂದ ಎಂಟು ಸಲ. ಒಂದು ಸುತ್ತು ನಿಧಾನದ ಅರ್ಧ ಬೈಠಕ್: ನಾಲ್ಕು ಎಣಿಸುತ್ತ ಇಳಿಯುವುದು, ನಾಲ್ಕು ಎಣಿಸುತ್ತ ಏಳುವುದು. ಎದ್ದಾಗಲೂ ಮಂಡಿ ಪೂರ್ತಿ ನೆಟ್ಟಗಾಗಬಾರದು. ಇನ್ನೊಂದು ಸುತ್ತು ಹಿಮ್ಮಡಿ ಎತ್ತಿ ಇಳಿಸುವುದು. ಮತ್ತೊಂದು ಸುತ್ತು ಭಾರವನ್ನು ಎಡಗಾಲಿಗೆ, ಬಲಗಾಲಿಗೆ ಬದಲಿಸುವುದು. ಮಂಡಿ ಸವೆದವರು ಬೈಠಕ್ ಆಳ ಮಾಡಬೇಡಿ. ನೋವಿಲ್ಲದೆ ಎಷ್ಟು ಇಳಿಯಲಾಗುತ್ತದೋ ಅಷ್ಟೇ ನಿಮ್ಮ ಅಳತೆ.

*ಒಂಬತ್ತರಿಂದ ಹನ್ನೆರಡು.* 60 ಸೆಕೆಂಡ್, ಹತ್ತು ಸಲ. ಈಗ ಮಾತ್ರ ಹರ್ಟ್ಸ್ ಏರಿಸಿ, ವಾರಕ್ಕೆ ಎರಡರಷ್ಟು, ತಕ್ಕಡಿ ಜಾತಿಯಲ್ಲಿ 18-20ರವರೆಗೆ. ಮೂಳೆ ಗಟ್ಟಿ ಇರುವವರು ಬೆನ್ನಿಗೆ ಹಾಕುವ ಚೀಲದಲ್ಲಿ ಎರಡು ಕೆಜಿ ಅಕ್ಕಿ ಇಟ್ಟುಕೊಂಡು ಮಾಡಬಹುದು.

ಯಾವುದನ್ನು ಮೊದಲು ಏರಿಸಬೇಕು ಎಂದು ಗೊಂದಲವಾದರೆ ಈ ಸಾಲು ಹಿಡಿಯಿರಿ: ಮೊದಲು ಸೆಕೆಂಡ್, ಆಮೇಲೆ ಸುತ್ತು, ಆಮೇಲೆ ಬೈಠಕ್, ಕೊನೆಗೆ ಸ್ಪೀಡ್. ನಾವೆಲ್ಲ ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ಬಟನ್ ಕೈಗೆ ಹತ್ತಿರ ಇರುತ್ತದೆ, ಅದಕ್ಕೆ.

ಮೊದಲ ಕೆಲವು ದಿನ ಕಾಲು ತುರಿಸಬಹುದು, ಕೆಂಪಾಗಬಹುದು. ಚರ್ಮಕ್ಕೆ ರಕ್ತ ಹರಿಯುವುದು ಜಾಸ್ತಿಯಾದದ್ದರಿಂದ ಹಾಗೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಕಪ್ಪು ಚುಕ್ಕೆ, ಎದೆ ನೋವು, ಒಂದೇ ಕಾಲಿನ ಊತ, ಮೂತ್ರದಲ್ಲಿ ರಕ್ತ, ಇವು ಬಂದರೆ ಕಾಯಬೇಡಿ. ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ. ಇಳಿಯುವಾಗ ಮಷೀನ್ ಪೂರ್ತಿ ನಿಂತ ಮೇಲೆ, ಹತ್ತು ಎಣಿಸಿ, ಒಂದೊಂದೇ ಕಾಲು ಇಳಿಸಿ.

ಹೊತ್ತು ಮತ್ತು ಊಟ

ಊಟವಾದ ಕೂಡಲೇ ಹತ್ತಬೇಡಿ, ಹೊಟ್ಟೆ ತೊಳಸುತ್ತದೆ. ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟು ಹತ್ತಿದರೆ ರಕ್ತದಲ್ಲಿ ಸಕ್ಕರೆ ಏರುತ್ತಿರುವ ಹೊತ್ತಿಗೆ ಸ್ನಾಯು ಕೆಲಸಕ್ಕೆ ಇಳಿಯುತ್ತದೆ. ಅಪ್ಪನಿಗೆ ಹೊಂದಿದ್ದು ಬೆಳಗಿನ ತಿಂಡಿಯ ನಂತರ. ಮಧ್ಯಾಹ್ನ ಅಂದರೆ ನಿದ್ದೆ ಕೆಡುತ್ತದೆ ಅಂತ ಅವರ ತಕರಾರು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮೊದಲ ವಾರಗಳಲ್ಲಿ ಹತ್ತುವ ಮುಂಚೆ ಶುಗರ್ ನೋಡಿಕೊಳ್ಳಿ. 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಸ್ವಲ್ಪ ಹೊತ್ತು ಬಿಟ್ಟು ಮಾಡಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಅದು ಮಷೀನ್ ನಡುಕ ಅಂದುಕೊಳ್ಳಬೇಡಿ. ಇಳಿದು ಸಕ್ಕರೆ ನೀರು ಕುಡಿಯಿರಿ.

ಪ್ರೋಟೀನ್ ಇಲ್ಲದೆ ಸ್ನಾಯು ಬೆಳೆಯುವುದಿಲ್ಲ. ಹಿರಿಯರಿಗೆ ಪ್ರತಿ ಕೆಜಿ ಮೈತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಎಂದು ತಜ್ಞರು ಹೇಳುತ್ತಾರೆ. ಅರವತ್ತು ಕೆಜಿಯವರಿಗೆ 60-70 ಗ್ರಾಂ. ಅನ್ನ, ತಿಳಿಸಾರಿನಲ್ಲಿ ಇದು ಸಿಗುವುದಿಲ್ಲ. ನೂರು ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್ ಇದೆ ನಿಜ, ಆದರೆ ನಮ್ಮ ತಟ್ಟೆಯ ಸಾರಿನಲ್ಲಿ ಇರುವ ಬೇಳೆ ಎಷ್ಟು? ಅಮ್ಮ ಈಗ ಸಾರಿಗೆ ಬೇಳೆ ದುಪ್ಪಟ್ಟು ಹಾಕುತ್ತಾರೆ. ಮೊಳಕೆ ಹೆಸರುಕಾಳಿನ ಉಸ್ಲಿ, ಮಜ್ಜಿಗೆಯ ಬದಲು ಗಟ್ಟಿ ಮೊಸರು, ತಿನ್ನುವವರಿಗೆ ದಿನಾ ಮೊಟ್ಟೆ. ಮುದ್ದೆ ಬಿಡಬೇಕಿಲ್ಲ, ಜೊತೆಗೆ ಕಾಳು ಜಾಸ್ತಿ ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಹನ್ನೆರಡು ವಾರವಾದ ಮೇಲೆ

ನೋಟ್‌ಬುಕ್ ತೆಗೆದು ಮತ್ತೆ ಅಳೆಯಿರಿ. ಅದೇ ಕುರ್ಚಿ, ಅದೇ ಟೇಪ್. ಅಪ್ಪ ಐದು ಸಲ ಎದ್ದು ಕೂರಲು ಮೊದಲು 17 ಸೆಕೆಂಡ್ ತೆಗೆದುಕೊಂಡಿದ್ದರು, ಆಮೇಲೆ 12. ಊಟದ ನಂತರದ ಶುಗರ್ ಸ್ವಲ್ಪ ಇಳಿದಿತ್ತು. ಬೇಳೆಯದೂ ಪಾಲಿದೆ, ಎಲ್ಲವನ್ನೂ ಮಷೀನ್ ಲೆಕ್ಕಕ್ಕೆ ಬರೆಯಲಾರೆ. ಹೊಟ್ಟೆ ಇದ್ದ ಹಾಗೇ ಇದೆ.

ನಂಬರ್ ಏನೂ ಕದಲದಿದ್ದರೆ ಮಷೀನ್ ಮಾರಿಬಿಡಿ, ಸಂಕೋಚ ಬೇಡ. ಕದಲಿದ್ದರೆ ಮುಂದಿನ ಹೆಜ್ಜೆ ಸ್ಪೀಡ್ ಏರಿಸುವುದಲ್ಲ, ನಡಿಗೆ ವಾಪಸ್ ತರುವುದು. 65 ದಾಟಿದವರಿಗೂ ವಾರಕ್ಕೆ 150 ನಿಮಿಷ ಸಾಧಾರಣ ಶ್ರಮ, ಜೊತೆಗೆ ವಾರದಲ್ಲಿ ಮೂರು ದಿನ ಬಲ ಮತ್ತು ಸಮತೋಲನದ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಮಷೀನ್ ಆ ಎರಡನೆಯ ಭಾಗಕ್ಕೆ ಒಂದಿಷ್ಟು ನೆರವಾಗುತ್ತದೆ. ಮೊದಲ ಭಾಗಕ್ಕೆ ರಸ್ತೆಯೇ ಬೇಕು.

ಅಪ್ಪ ಈಗ ಸಂಜೆ ಬೀದಿಯ ಕೊನೆಯ ಅರಳಿಕಟ್ಟೆಯವರೆಗೆ ಹೋಗಿ ಬರುತ್ತಾರೆ. ಮಷೀನ್ ಸೋಮವಾರ, ಬುಧವಾರ, ಶುಕ್ರವಾರ. ಕರೆಂಟ್ ಹೋದ ದಿನ ಅದರ ಹಿಂದಿರುವ ಕುರ್ಚಿಯಲ್ಲೇ ಹತ್ತು ಸಲ ಎದ್ದು ಕೂತು, ನೋಟ್‌ಬುಕ್‌ನಲ್ಲಿ ಟಿಕ್ ಹಾಕಿಕೊಳ್ಳುತ್ತಾರೆ.